ಹೊಳೆವ್ವನ ಮೊದಲಿನ ಮುಖ

"ತೋ ಬೆಹನೋ... ದೇಖಿಯೇ! ಯೆ ಹೈ ಹಮಾರೀ ಆಜ್ ಕೀ ಮಾಡೆಲ್!"

ಮೂಗಿನಿಂದ ಮಾತು ಹೊರಡಿಸಿ, ಕೊರಳನ್ನು ಕೊಂಚ ಓರೆ ಮಾಡಿ, ಹೊಳೆವ್ವ ತನ್ನೆದುರು ಕುಳಿತಿದ್ದ ಸಕ್ಕುಬಾಯಿಯ ಗದ್ದವನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದಳು. ಪ್ರತಿ ರವಿವಾರ ಟೀವಿಯಲ್ಲಿ ಮೇಕಪ್ ಕಲಿಸುವ ಆ ಹಿಂದಿ ಹೆಂಗಸೇ ನಿಪ್ಪಾಣಿಯ ತಂಬಾಕು ಜರಡಿ ಹಿಡಿಯುವ ವಖಾರಿಗೆ ಇಳಿದು ಬಂದಂತಿತ್ತು!

ಸಕ್ಕುಬಾಯಿಗೆ ಐವತ್ತು ವರ್ಷ. ಮುಂದಿನ ನಾಲ್ಕು ಹಲ್ಲು ಹೋಗಿ ಬಹಳ ಕಾಲವಾಗಿತ್ತು. ಆದರೂ ಮಾಡೆಲ್ ಆದಮೇಲೆ ನಾಚದಿದ್ದರೆ ಹೇಗೆ? ನಾಚಿದಳು.

"ಪೆಹಲೇ ಥೋಡಾ ಪೌಡರ್..." ಎನ್ನುತ್ತ ಹೊಳೆವ್ವ ಜರಡಿಯ ಕೆಳಗಿನ ತಂಬಾಕಿನ ಹುಡಿಯನ್ನು ಒಂದು ಚಿಟಿಕೆ ಎತ್ತಿ ಅವಳ ಕೆನ್ನೆಗೆ ತಟ್ಟಿದಳು.

ಮಾಡೆಲ್ಲಿಗೆ ಸೀನು ಬಂತು. ಒಂದಲ್ಲ, ಏಳು!

ವಖಾರಿಯ ಇಪ್ಪತ್ತು ಹೆಂಗಸರೂ ಜರಡಿ ನಿಲ್ಲಿಸಿ, ಮೂಗುಬಾಯಿಗೆ ಬಿಗಿದುಕೊಂಡಿದ್ದ ಸೆರಗು ಸಡಿಲಿಸಿ ನಕ್ಕರು. ಬಾಯಿ ತೆರೆದರೆ ಧೂಳು ಒಳಗೆ ಹೋಗುತ್ತದೆ ಎಂದು ಗೊತ್ತಿದ್ದೂ ನಕ್ಕರು.

"ಸಾಕ ಬಿಡ ಬೇ ಹೊಳೆವ್ವಾ!" ಸಕ್ಕುಬಾಯಿ ಮೂಗು ಒರೆಸಿಕೊಂಡಳು. "ನನಗ ಈ ಮೇಕಪ್ಪನೂ ಬ್ಯಾಡ, ಅವರಪ್ಪನೂ ಬ್ಯಾಡ. ಟೀವ್ಯಾಗ ಕೂಡಸತಾರಲ್ಲ, ಆ ಹುಡುಗಿ ಮೊದಲ ಹಾಲಿನ ಕೆನಿ ಹಂಗ ಅದಾಳ. ಬೆಣ್ಣಿಗಿ ತುಪ್ಪ ಸವರಿ, ನೋಡ್ರಿ ಹೆಂಗ ಮಿಂಚತೈತಿ ಅಂತಾರ! ನಮ್ಮಂಥಾಕಿನ್ನ ಕೂಡಸಿ ತೋರಸ್ಲಿ ನೋಡೂಣು."

"ನಿನ್ನಂಥಾಕಿನ್ನ ಕೂಡಸಿದ್ರ ಟೀವೀನ ಒಡೀತೈತಿ ಮಾವಶಿ!" ಎಂದಳು ಹೊಳೆವ್ವ.

ಮತ್ತೆ ನಗು. ಆದರೆ ಈ ಸಲದ ನಗು ಅರ್ಧಕ್ಕೇ ನಿಂತಿತು.

ಬಾಗಿಲಲ್ಲಿ ಒಬ್ಬ ನಿಂತಿದ್ದ.

ಎತ್ತರದ ಆಳು. ಹೆಗಲ ಮೇಲೆ ಮದುವೆಗಳಲ್ಲಿ ಕಾಣುವಂಥ ದೊಡ್ಡ ವೀಡಿಯೋ ಕ್ಯಾಮೆರಾ. ಬೆಳಗಿನ ಬಿಸಿಲು ಅವನ ಬೆನ್ನ ಹಿಂದಿನಿಂದ ಒಳಗೆ ಬಂದು, ಹಾರುವ ತಂಬಾಕಿನ ಧೂಳಿನಲ್ಲಿ ಸೋಸಿ, ಹೊಳೆವ್ವನ ಮೇಲೆ ಬಿದ್ದಿತ್ತು.

ಅವನು ನಗುತ್ತಿರಲಿಲ್ಲ. ನೋಡುತ್ತಿದ್ದ... ಅವಳನ್ನೇ!

ಹೊಳೆವ್ವ ತಟ್ಟನೆ ಸೆರಗನ್ನು ಮೂಗಿನ ತನಕ ಎಳೆದುಕೊಂಡಳು.

"ಯಾರ ಬೇಕಾಗಿತ್ತರಿ?"

"ನಾ ಹಾಲಸಿದ್ದ. ತಾತ್ಯಾಸಾಹೇಬರ ಕೇಬಲ್ಲಿನಾಂವ. ಮಾಲಕರನ್ನ ಕೇಳೇ ಒಳಗ ಬಂದೀನ್ರಿ." ಅವನ ದನಿ ಮೆಲ್ಲಗಿತ್ತು. "ದೀಪಾವಳಿಗಿ ನಮ್ಮ ಕೇಬಲ್ಲಿನ್ಯಾಗೂ ಮೇಕಪ್ಪಿನ ಕಾರ್ಯಕ್ರಮ ಮಾಡೂರ ಅದೀವಿ. ಪಾರ್ಲರಿನ ತಾರಾಬಾಯಿಯವರು ಮಾಡಿ ತೋರಸತಾರ. ಊರಾಗಿನ ಹೆಣಮಕ್ಕಳೂ ಈಗ ಈ ಮಾವಶಿಯವರು ಅಂದ್ರಲ್ಲ, ಹಂಗ ಅನ್ನಾಕತ್ತಾರ. ಮುಂಬೈ ಹುಡುಗ್ಯಾರು ನಮ್ಮಂಗ ಇಲ್ಲಂತ. ಅದಕ್ಕ ಇಲ್ಲಿಯವರ ಒಬ್ಬರ ಮುಖ ಬೇಕಿತ್ತು."

"ಯಾರ ಮುಖಾ ಬೇಕ ಹೇಳಪಾ?" ಸಕ್ಕುಬಾಯಿ ಕೇಳಿದಳು. "ನಂದು ಈಗ ತಯಾರ ಐತಿ!"

ಅವನು ಕೈ ಎತ್ತಿ ತೋರಿಸಲಿಲ್ಲ. ಕಣ್ಣೇ ಸಾಕಾಯಿತು.

"ಇವರದು."

ಒಂದು ಕ್ಷಣ, ಒಂದೇ ಒಂದು ಕ್ಷಣ, ಹೊಳೆವ್ವನೊಳಗೆ ಏನೋ ಹಾರಿತು. ಮರುಕ್ಷಣ ಅದು ನೆಲಕ್ಕೆ ಬಿತ್ತು.

ಇಪ್ಪತ್ತು ಮಂದಿಯಲ್ಲಿ ನಾನೇ ಯಾಕೆ? ಗೊತ್ತಿಲ್ಲವೇ... ಹಚ್ಚಿದರೆ ಫರಕು ಎದ್ದು ಕಾಣಬೇಕಲ್ಲ! ಎಲ್ಲರಿಗಿಂತ ಕೆಟ್ಟ ಮುಖ ಯಾವುದೆಂದು ಹುಡುಕಿಕೊಂಡು ಬಂದಿದ್ದಾನೆ.

ಯಡೂರಿನ ಹೊಳೆದಂಡೆಯಲ್ಲಿ ಹುಟ್ಟಿದ್ದಕ್ಕೆ ಅವಳಿಗೆ ಹೊಳೆವ್ವ ಎಂದು ಹೆಸರಿಟ್ಟಿದ್ದರು. ಮೂರು ವರ್ಷದವಳಿದ್ದಾಗ ಸಿಡುಬು ಬಂತು. ಹೋಗುವಾಗ ಹಣೆಗೂ ಕೆನ್ನೆಗೂ ತನ್ನ ಕಲೆ ಬಿಟ್ಟು ಹೋಯಿತು. ಮೈಬಣ್ಣ ಮೊದಲೇ ಕಪ್ಪು. ಈಗ ಇಪ್ಪತ್ನಾಲ್ಕು. ಆರು ವರಗಳು ಬಂದು, ನೋಡಿ, ಚಹಾ ಕುಡಿದು, ಅವರವರ ಹಾದಿ ಹಿಡಿದಿದ್ದರು. ನಾಲ್ಕನೆಯವನ ತಾಯಿ ಹೋಗುವಾಗ ಹೊಸ್ತಿಲಲ್ಲೇ ನಿಂತು, "ಹೆಸರಷ್ಟ ಹೊಳೀತೈತಿ ನೋಡ್ರಿ!" ಎಂದಿದ್ದಳು.

ಆ ಹೆಂಗಸಿನ ದನಿಯನ್ನೂ ಹೊಳೆವ್ವ ತದ್ರೂಪ ತೆಗೆದು ವಖಾರಿಯನ್ನೆಲ್ಲ ನಗಿಸಿದ್ದಳು. ನಗಿಸಿ ಮನೆಗೆ ಹೋಗಿ, ಬಚ್ಚಲಲ್ಲಿ ನೀರು ಬಿಟ್ಟು ಅತ್ತಿದ್ದಳು.

"ನನ್ನ ಮುಖಾನ ಬೇಕೇನ್ರಿ?" ಸೆರಗಿನ ಹಿಂದಿನಿಂದ ಕೇಳಿದಳು.

"ಹೌದ್ರಿ. ಅದ ಬೇಕು."

ಹೇಳಬೇಕಾದದ್ದು ಇನ್ನೂ ಏನೋ ಇದ್ದಂತೆ ಅವನು ನಿಂತ. ಆಮೇಲೆ ಕ್ಯಾಮೆರಾ ಸರಿಮಾಡಿಕೊಂಡು ಹೊರಟುಹೋದ.

* * *

"ಹ್ಞೂಂ ಅನ್ನು, ನನ್ನವ್ವಾ!" ತಾಯಿ ರುಕ್ಮವ್ವ ಬೀಡಿ ಸುತ್ತುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟು ಮಗಳ ಕೈ ಹಿಡಿದಳು. "ರಾಯಬಾಗದವರು ದೀಪಾವಳಿಗಿ ಹೇಳತೀವಿ ಅಂದ ಹೋಗ್ಯಾರ. ಆ ಹುಡುಗನ ಕಾಕು ಮನಿ ಇಲ್ಲೆ ಐತಿ, ಕೇಬಲ್ಲೂ ಐತಿ. ಟೀವ್ಯಾಗ ನಿನ್ನ ಛಂದ ಮಾಡಿದ್ದ ನೋಡಿದ್ರಂದ್ರ..."

ರಾಯಬಾಗದ ಬಾಳಾಸಾಬ ಏಳನೆಯ ವರ. ಸಕ್ಕರೆ ಕಾರ್ಖಾನೆಯಲ್ಲಿ ನೌಕರಿ, ಕಾಕು ಎಂದು ಕರೆಯುವ ಚಿಕ್ಕಮ್ಮ ನಿಪ್ಪಾಣಿಯವಳು. 'ಬೇಡ' ಎಂದು ಇನ್ನೂ ಹೇಳದ ಒಬ್ಬನೇ ಒಬ್ಬ. ಅವನೂ ಬೇಡವೆಂದರೆ ಎಂಟನೆಯವನು ಬರುವುದಿಲ್ಲ ಎಂದು ತಾಯಿಗೂ ಗೊತ್ತಿತ್ತು, ಮಗಳಿಗೂ ಗೊತ್ತಿತ್ತು.

"ಬಣ್ಣಾ ತೊಳದ ಮ್ಯಾಲ ಏನ ಮಾಡ್ಲಿ ಅವ್ವಾ?"

"ತಾಳಿ ಬಿದ್ದ ಮ್ಯಾಲ ತೊಳಕೊ!"

ಹೊಳೆವ್ವ ನಕ್ಕಳು. ನಗದೆ ಇನ್ನೇನು ಮಾಡುವುದು?

ವಖಾರಿಯಲ್ಲಂತೂ ಅವಳಿಗಿಂತ ಉಳಿದವರಿಗೇ ಸಡಗರ. "ನಿನ್ನ ಮುಖಕ್ಕ ಹತ್ತಿದ್ರ ನಮ್ಮ ಮುಖಕ್ಕೂ ಹತ್ತತೈತಿ! ಯಾವುದ ಮೊದಲ ಹಚ್ಚಿದ್ರು, ಯಾವುದ ಆಮ್ಯಾಲ, ಎಲ್ಲಾ ನೆನಪ ಇಟಗೊಂಡ ಬಾ!" ಎಂದು ಸಕ್ಕುಬಾಯಿ ದಿನಕ್ಕೆ ನಾಲ್ಕು ಸಲ ಹೇಳಿದಳು.

* * *

ತಾರಾಬಾಯಿಯ ಪಾರ್ಲರಿನಲ್ಲಿ ಗೋಡೆಗೊಂದು ಕನ್ನಡಿ. ಎಲ್ಲಿ ತಿರುಗಿದರೂ ಹೊಳೆವ್ವನಿಗೆ ಹೊಳೆವ್ವನೇ ಎದುರಾಗುತ್ತಿದ್ದಳು. ಅವಳು ನೆಲ ನೋಡಿದಳು. ಪುಣ್ಯಕ್ಕೆ ನೆಲಕ್ಕೆ ಕನ್ನಡಿ ಹಾಕಿರಲಿಲ್ಲ.

ತಾರಾಬಾಯಿ ಅವಳ ಗದ್ದವನ್ನು ಎರಡೇ ಬೆರಳಲ್ಲಿ ಎತ್ತಿ, ಅತ್ತ ತಿರುಗಿಸಿ ಇತ್ತ ತಿರುಗಿಸಿ ನೋಡಿದಳು.

"ಬರೋಬರ್! ಇಂಥಾ ಮುಖಾನ ಬೇಕಿತ್ತು ನನಗ. ಹಾಲಸಿದ್ದಾ, ಛಲೋ ಹುಡಿಕೀಪಾ." ಎದುರಿಗಿದ್ದವಳಿಗೆ ಕಿವಿ ಇದೆ ಎಂಬುದು ಆಕೆಗೆ ಹೊಳೆಯಲಿಲ್ಲ. "ಮೊದಲಿನ ಮುಖಾ ತಗಿಯೂ ಮುಂದ ಪಡದಾ ಮುಚ್ಚು. ಲೈಟ್ ಹಚ್ಚಬ್ಯಾಡ. ಸಿಡುಬಿನ ಕಲಿ ಎಲ್ಲಾ ಎದ್ದ ಕಾಣಬೇಕು. ಮೇಕಪ್ ಆದ ಮ್ಯಾಲ ಎರಡೂ ಲೈಟ್ ಹಚ್ಚು. ತಿಳೀತಿಲ್ಲೊ?"

ಹಾಲಸಿದ್ದ ತಲೆ ಆಡಿಸಿದ. ಹೌದೆಂದೋ ಅಲ್ಲವೆಂದೋ ಹೇಳುವುದು ಕಷ್ಟ.

ಅಷ್ಟರಲ್ಲಿ ಮದುಮಗಳ ಕಡೆಯವರು ಯಾರೋ ಬಂದರೆಂದು ತಾರಾಬಾಯಿ ಹೊರಗಿನ ಕೋಣೆಗೆ ಹೋದಳು. "ಮೊದಲಿನ ಮುಖಾ ತಗದ ಇಡು, ಬಂದೆ."

ಕೋಣೆಯಲ್ಲಿ ಇಬ್ಬರೇ.

ಅವನು ಕಿಟಕಿಯ ಹತ್ತಿರ ಹೋಗಿ ಪರದೆ ಮುಚ್ಚುವ ಬದಲು ಪೂರ್ತಿ ಸರಿಸಿದ. ಚೀಲದಿಂದ ಬಿಳಿ ಚಾದರವೊಂದನ್ನು ತೆಗೆದು ಕಿಟಕಿಗೆ ಅಡ್ಡ ಕಟ್ಟಿದ. ಬಿಸಿಲು ಹಾಲಾಗಿ, ಎಲ್ಲೂ ನೆರಳು ಬೀಳದಂತೆ, ಒಳಗೆ ಬಂತು.

"ಬಾಯಿಯವರು ಮುಚ್ಚು ಅಂದಿದ್ರಲ್ರಿ?"

"ಹೂಂ ಅಂದ್ರು." ಅವನು ಕ್ಯಾಮೆರಾಕ್ಕೆ ಕಣ್ಣು ಹಚ್ಚಿದ. "ಅವತ್ತ ವಖಾರ್ಯಾಗ ಮಾಡಿದ್ರಲ್ಲ... ಹಂಗ ಯಾರದರೆ ದನಿ ಮಾಡ್ರಿ."

"ಇಲ್ಲೇನ್ರಿ? ನಾ ವಲ್ಲೆ!"

"ಬಾಯಿಯವರದ ಮಾಡ್ರಿ. ಹೊರಗ ಅದಾರ."

ಹೊಳೆವ್ವನಿಗೆ ತಡೆಯಲಾಗಲಿಲ್ಲ. ಹೊರಗಿನ ಕೋಣೆಗೆ ಕೇಳದಷ್ಟು ಮೆಲ್ಲಗೆ, "ಬರೋಬರ್! ಇಂಥಾ ಕ್ಯಾಮೆರಾದಾಂವನ ಬೇಕಿತ್ತು ನನಗ. ಪಡದಾ ಮುಚ್ಚಂದ್ರ ತಗೀತಾನ, ತಗಿ ಅಂದ್ರ ಚಾದರ ಕಟ್ಟತಾನ!" ಎಂದಳು. ಅದೇ ರಾಗ, ಅದೇ ಬೆರಳು!

ಕ್ಯಾಮೆರಾದ ಹಿಂದಿನಿಂದ ನಗು ಬಂತು. ಮೊದಲ ಸಲ ಅವನ ನಗು ಕೇಳಿದ್ದು. ಅವಳಿಗೂ ನಗು ಉಕ್ಕಿತು. ನಗುತ್ತ ತಲೆ ಎತ್ತಿದಾಗ ಅವನು ಕ್ಯಾಮೆರಾದಿಂದ ಕಣ್ಣು ತೆಗೆದು ಬರಿಗಣ್ಣಿಂದ ಅವಳನ್ನು ನೋಡುತ್ತಿದ್ದ.

ಹಾಗೆ ಯಾರೂ ಅವಳನ್ನು ನೋಡಿರಲಿಲ್ಲ. ನೋಡಲು ಬಂದವರು ಏಳು ಮಂದಿ, ನೋಡಿದವನು ಇವನೊಬ್ಬನೇ...

ಹುಚ್ಚಿ! ಅವನ ಕೆಲಸವೇ ನೋಡುವುದು, ಎಂದು ತನ್ನನ್ನು ತಾನೇ ಬೈದುಕೊಂಡಳು.

ಆಮೇಲೆ ತಾರಾಬಾಯಿ ಬಂದಳು. ಚಾದರ ಆಗಲೇ ಚೀಲ ಸೇರಿತ್ತು. ಒಂದೂವರೆ ತಾಸು ಎರಡು ದೀಪಗಳ ಉರಿಯಲ್ಲಿ ಕೂರಿಸಿ, ಒಂದರ ಮೇಲೊಂದು ಬಳಿದಳು. ಬೆವರು ಇಳಿಯಿತು, ಅದರ ಮೇಲೆ ಮತ್ತೆ ಪೌಡರು. ಕೆನ್ನೆಯ ಕುಳಿಗಳಲ್ಲಿ ಬಿಳಿ ಹಿಟ್ಟು ಕೂತಿತು.



* * *

ಹಬ್ಬಕ್ಕೆ ಮುಂಚಿನ ರವಿವಾರ ಬೆಳಿಗ್ಗೆ ಹನ್ನೊಂದಕ್ಕೆ ಸಕ್ಕುಬಾಯಿಯ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ವಖಾರಿಯ ಎಲ್ಲರೂ ಬಂದಿದ್ದರು. ದೀಪಾವಳಿಯ ಗಡಿಬಿಡಿಯಲ್ಲಿ ತಾರಾಬಾಯಿ ಕ್ಯಾಸೆಟ್ ಹಾಕಿ ನೋಡಿರಲಿಲ್ಲ. ಕ್ಯಾಮೆರಾದಿಂದ ತೆಗೆದದ್ದು ನೇರ ಕೇಬಲ್ ಆಫೀಸಿಗೆ ಹೋಗಿ, ನೇರ ಊರಿನ ಟೀವಿಗಳಿಗೆ ಬಂದಿತ್ತು.

"ಇದು ಮೇಕಪ್ಪಿಗಿಂತ ಮೊದಲಿನ ಮುಖ," ಎಂದಿತು ಪಾರ್ಲರಿನಲ್ಲೇ ಬೇರೆಯಾಗಿ ತುಂಬಿಸಿಕೊಂಡಿದ್ದ ತಾರಾಬಾಯಿಯ ದನಿ.

ಪರದೆಯ ಮೇಲೆ ಒಬ್ಬ ಹುಡುಗಿ ನಗುತ್ತ ತಲೆ ಎತ್ತಿದಳು.

ಹೊಳೆವ್ವ ಟೀವಿಯ ಹತ್ತಿರಕ್ಕೆ ಸರಿದಳು. ಆ ಕಣ್ಣು! ಆ ಕಪ್ಪು ಕೆನ್ನೆಯ ಮೇಲೆ ಜಾರುತ್ತಿದ್ದ ಬೆಳಕು! ಒಂದೇ ಒಂದು ಕಲೆ ಇಲ್ಲ... ಯಾರಿವಳು?

"ಇದು ಮೇಕಪ್ ಆದ ಮೇಲಿನ ಮುಖ."

ಸುಣ್ಣ ಬಳಿದ ಗೋಡೆಯೊಂದು ಬೆವರುತ್ತ ಕುಳಿತಿತ್ತು.

ಚಪ್ಪಾಳೆ ಬರುತ್ತದೆ ಎಂದುಕೊಂಡಿದ್ದ ರುಕ್ಮವ್ವ ಸುತ್ತಲೂ ನೋಡಿದಳು. ಕಡೆಗೆ ಮೂಲೆಯಿಂದ ಒಬ್ಬಳು ಅಂದಳು:

"ಮೊದಲಿನ ಮುಖಾ ಹಿಂದಿ ಮಾಡೆಲ್ ಹಂಗ ಐತಲ್ಲ ಬೇ! ಏನ ಹಚ್ಚಕೊಂಡ ಹೋಗಿದ್ದಿ?"

"ಏನೂ ಹಚ್ಚಿಲ್ಲ ಯಕ್ಕಾ! ದೇವರಾಣಿ!"

"ಮತ್ತ ಕಲಿ ಎಲ್ಲಿ ಹೋದೂ?"

"ಅವರು... ಕಿಟಕ್ಯಾಗ ಚಾದರ ಕಟ್ಟಿದ್ರು. ಬೆಳಕ..."

"ಬೆಳಕಿನಾಗ ಕಲಿ ಹೋಗತಾವೇನ? ಹಂಗಾದ್ರ ಬಿಸಲಾಗ ದುಡಿಯೂ ನಾವೆಲ್ಲಾ ರಾಣ್ಯಾರ ಆಗಬೇಕಿತ್ತು!"

ಸಕ್ಕುಬಾಯಿ ನಗಲಿಲ್ಲ. ಟೀವಿ ಆರಿಸಿ ಹೊಳೆವ್ವನ ಕಡೆ ತಿರುಗಿದಳು. ಆ ಮುಖದಲ್ಲಿದ್ದದ್ದು ಸಿಟ್ಟಲ್ಲ, ಅದಕ್ಕಿಂತ ಕೆಟ್ಟದ್ದು.

"ನಮ್ಮಂಥಾಕಿ ಒಬ್ಬಾಕಿ ಟೀವ್ಯಾಗ ಬರತಾಳಂತ ಕುಂತಿದ್ವಿ ಹೊಳೆವ್ವಾ. ನಮ್ಮಂಗ ಕಾಣಾಕ ನಿನಗೂ ನಾಚಿಕಿ ಆತೇನ?"

* * *

ಮಧ್ಯಾಹ್ನ ರಾಯಬಾಗದವರು ಬಂದರು. ಕಾಕುವಿನ ಮನೆಯಲ್ಲಿ ಟೀವಿ ನೋಡಿಯೇ ಬಂದಿದ್ದರು. ಬಾಳಾಸಾಬ, ಅವನ ತಾಯಿ, ಕಾಕು. ಯಾರೂ ಕೂರಲಿಲ್ಲ.

"ನಾವು ನೋಡಿದಾಗ ಹುಡುಗಿ ಹಂಗ ಇರಲಿಲ್ಲ," ಎಂದಳು ತಾಯಿ. "ಟೀವ್ಯಾಗ ಮೊದಲಿನ ಮುಖಾ ಅಂತ ಬ್ಯಾರೇನ ತೋರಸ್ಯಾರ. ತಾರಾಬಾಯಿನ್ನ ಕೇಳಿದ್ವಿ. ಹುಡುಗಿ ಮನಿಯಾಗ ಗುಟ್ಟಾಗಿ ಬಣ್ಣ ಹಚ್ಚಕೊಂಡ ಬಂದ ನನ್ನ ಕಾರ್ಯಕ್ರಮ ಕೆಡಸ್ಯಾಳ ಅಂದ್ಲು. ಖರೇ ಯಾವುದು ನಮಗ ತಿಳೀಬೇಕು. ನಮ್ಮ ಎದುರ ಮುಖಾ ತೊಳೀರಿ."

"ಯವ್ವಾ, ಹಂಗ ಅನಬ್ಯಾಡ್ರಿ..." ರುಕ್ಮವ್ವ ಕೈ ಮುಗಿದಳು.

"ತೊಳೀತೀನಿ ಅವ್ವಾ." ಹೊಳೆವ್ವನ ದನಿ ಸಣ್ಣಗಿತ್ತು.

ಅಂಗಳದ ನಡುವೆ ಚೊಂಬು ಇಟ್ಟುಕೊಂಡು ಕುಕ್ಕರುಗಾಲಲ್ಲಿ ಕುಳಿತಳು. ಸಾಬೂನು ಹಚ್ಚಿದಳು. ತಿಕ್ಕಿದಳು. ತೊಳೆದಳು. "ಇನ್ನೊಮ್ಮೆ," ಎಂದಳು ಕಾಕು. ಇನ್ನೊಮ್ಮೆ ತೊಳೆದಳು. ನೆರೆಯವರು ಗೋಡೆಯ ಮೇಲಿಂದ ನೋಡುತ್ತಿದ್ದರು.

ಎದ್ದು ನಿಂತಳು. ನೆತ್ತಿಯ ಬಿಸಿಲಿನಲ್ಲಿ ಒಂದೊಂದು ಕುಳಿಗೂ ಅದರದೇ ನೆರಳು. ವರ್ಷಗಟ್ಟಲೆ ತಂಬಾಕಿನ ಧೂಳು ಕುಡಿದು ಕಂದಿದ ಕೆನ್ನೆ. ಗದ್ದದಿಂದ ನೀರು ತೊಟ್ಟಿಕ್ಕುತ್ತಿತ್ತು.

"ನೋಡ್ರಿ! ಇದ ಖರೇ ಮುಖಾ!" ಬಾಳಾಸಾಬನ ತಾಯಿ ಗೆದ್ದಂತೆ ಹೇಳಿದಳು. "ಹುಡುಗಿ ಕಪ್ಪಿದ್ರ ನಡೀತಿತ್ತು. ಮೋಸ ನಡಿಯೂದಿಲ್ಲ."

ಹೊಳೆವ್ವ ಬಾಳಾಸಾಬನ ಕಡೆ ನೋಡಿದಳು. ಅವನೊಂದು ಮಾತು ಆಡಿದ್ದರೆ... ಅವನು ತನ್ನ ಚಪ್ಪಲಿಯ ಉಂಗುಟ ಸರಿಮಾಡಿಕೊಳ್ಳುತ್ತಿದ್ದ.

ಅವರು ಹೋದಮೇಲೂ ಅವಳು ಮುಖ ಒರೆಸಿಕೊಳ್ಳಲಿಲ್ಲ. ಬಿಸಿಲೇ ಒಣಗಿಸಿತು.

* * *

ವಖಾರಿಯ ದೊಡ್ಡ ಜರಡಿಯನ್ನು ಇಬ್ಬರು ಎದುರುಬದುರು ಹಿಡಿದು ಆಡಿಸಬೇಕು. ಐದು ವರ್ಷ ಹೊಳೆವ್ವನ ಎದುರಿಗೆ ಸಕ್ಕುಬಾಯಿಯೇ ಕೂರುತ್ತಿದ್ದಳು. ಸೋಮವಾರ ಅವಳು ಬೇರೆಯವಳ ಜರಡಿಗೆ ಹೋದಳು. ಹೊಳೆವ್ವನ ಎದುರು ಯಾರೂ ಬರಲಿಲ್ಲ. ಅವಳು ಒಬ್ಬಳೇ ಕಸ ಗುಡಿಸಿದಳು, ಚೀಲ ಹೊಲಿದಳು. ಯಾರದೂ ದನಿ ತೆಗೆಯಲಿಲ್ಲ. ತನ್ನ ದನಿಯನ್ನೂ.

ದೀಪಾವಳಿ ಬಂತು, ಹೋಯಿತು. ರುಕ್ಮವ್ವ ಎಣ್ಣೆ ಹಚ್ಚಲು ಬಂದರೆ ಹೊಳೆವ್ವ ತಲೆ ಕೊಟ್ಟಳು, ಮುಖ ಕೊಡಲಿಲ್ಲ.

ಸತ್ತರೆ ಮುಗಿಯಿತೇ? ಎಂದೂ ಯೋಚಿಸಿದಳು. ಮುಗಿಯುವುದಿಲ್ಲ. ಸತ್ತವರ ಮುಖವನ್ನೂ ಜನ ಸಾಲು ಹಚ್ಚಿ ನೋಡುತ್ತಾರೆ.

ಆದರೆ ಅವಳನ್ನು ಒಳಗೊಳಗೇ ಕೊರೆಯುತ್ತಿದ್ದದ್ದು ರಾಯಬಾಗದವರಲ್ಲ. ಸಕ್ಕುಬಾಯಿಯೂ ಅಲ್ಲ. ಆ ಬಿಳಿ ಚಾದರ. ಕಲೆ ತೋರಿಸು ಎಂದಿದ್ದರು, ಅವನು ಅಳಿಸಿದ. ಯಾಕೆ? ನೋಡಲಾಗಲಿಲ್ಲ, ಅದಕ್ಕೆ! ಬರಿಗಣ್ಣಿಂದ ನೋಡಿದ ಎಂದುಕೊಂಡೆನಲ್ಲ... ಅವನಿಗೂ ನನ್ನ ಮುಖ ಬೇಡವಾಗಿತ್ತು. ಉಳಿದವರು ಬಾಯಲ್ಲಿ ಹೇಳಿದರು, ಇವನು ಬೆಳಕಿನಲ್ಲಿ ಹೇಳಿದ. ಹೇಳಿ, ಮುಖ ತೋರಿಸದೆ ಹೋದ!

ಒಂಬತ್ತನೆಯ ದಿನ ಮಧ್ಯಾಹ್ನದ ಬುತ್ತಿಯ ಹೊತ್ತಿಗೆ ಸಕ್ಕುಬಾಯಿ ಅವಳ ಹತ್ತಿರ ಬಂದು ನಿಂತಳು. ಕೂರಲಿಲ್ಲ.

"ಆ ಹುಡುಗ ಬಂದಿದ್ದ ಬೇ. ಹೋದ ಮಂಗಳವಾರ, ಗೇಟಿಗಿ. ನೀ ಅವತ್ತ ಬಂದಿರಲಿಲ್ಲ. ಹೊಳೆವ್ವ ಏನೂ ಹಚ್ಚಿರಲಿಲ್ಲ, ತಪ್ಪ ನಂದು, ಬೆಳಕ ನಾ ಹಾಕೀನಿ ಅಂದ."

"ನೀವೇನ ಅಂದ್ರಿ?"

"ನಕ್ಕವಿ." ಸಕ್ಕುಬಾಯಿ ಸೆರಗು ತಿರುವಿದಳು. "ಕೇಬಲ್ಲಿನ ತಾತ್ಯಾಸಾಹೇಬ ಅವನ್ನ ಕೆಲಸದಿಂದ ತಗದಾನಂತ. ತನ್ನೂರ ಕರೋಶಿಗಿ ಹೋಗಿ ಕುರಿ ಕಾಯಾಕತ್ತಾನ. ನಮ್ಮ ಪೈಕೀನ ಅಂವ, ಹಾಲುಮತದಾಂವ... ನಿನಗ ಹೇಳಬೇಕಂತ ಅನಸ್ತು."

* * *

ಮರುದಿನ ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ ಹೊಳೆವ್ವ ಕರೋಶಿಗೆ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಬರುವ ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡಿದ್ದಳು. ಊರ ಹೊರಗಿನ ಜಾಲಿಮರದ ಕೆಳಗೆ ಹಾಲಸಿದ್ದ ಕುರಿಯೊಂದನ್ನು ಮಲಗಿಸಿಕೊಂಡು ಉಣ್ಣೆ ಕತ್ತರಿಸುತ್ತಿದ್ದ.

ಅವಳನ್ನು ಕಂಡು ಕೈ ನಿಂತಿತು. ಅರ್ಧ ಬೋಳಾದ ಕುರಿ ಎದ್ದು ಓಡಿಹೋಯಿತು.

"ನನ್ನ ಕಲಿ ಎಲ್ಲಿ ಹೋದೂ?"

ಜೋಡಿಸಿಕೊಂಡು ಬಂದ ಬೈಗುಳವೆಲ್ಲ ಮರೆತು ಅದೊಂದೇ ಮಾತು ಬಾಯಿಗೆ ಬಂದಿತ್ತು.

"ಹೊಳೆವ್ವಾ ಅವರ..."

"ಮೂರ ವರ್ಷದಾಕಿ ಇದ್ದಾಗಿಂದ ನನ್ನ ಜೋಡಿ ಅದಾವ ಅವು. ನೀವು ಒಂದ ಚಾದರ ಕಟ್ಟಿ ಕಳದಬಿಟ್ರಿ. ಮಂದಿ ನನ್ನ ಕಳ್ಳಿ ಮಾಡಿದ್ರು. ಅಂಗಳದಾಗ ಕುಂಡ್ರಿಸಿ ಮುಖಾ ತೊಳಿಸಿದ್ರು! ಅದನ್ನೂ ತಡಕೊಂಡೆ. ಆದ್ರ ನೀವು... ನಿಮಗೂ ಹೇಸಿಗಿ ಬಂತಲ್ಲ ಈ ಮುಖಾ ನೋಡಿ!"

"ಹೇಸಿಗಿ ಅಲ್ರಿ!" ಅವನು ಎದ್ದೇಬಿಟ್ಟ. "ದೇವರಾಣಿ ಅಲ್ಲ! ಮೊದಲಿನ ಮುಖಾ ಅಂದ್ರ ಕತ್ತಲ್ಯಾಗ ಕುಂಡ್ರಸೂದು, ಆಮ್ಯಾಲಿಂದಕ್ಕ ದೀಪ ಹಚ್ಚೂದು. ಇದ ಆಟ ಎಲ್ಲಾ ಕಡೆ. ನಿಮ್ಮನ್ನ ಕತ್ತಲ್ಯಾಗ ಕುಂಡ್ರಸಾಕ ನನ್ನ ಕೈಯಿಂದ ಆಗಲಿಲ್ಲ. ಅವತ್ತ ವಖಾರ್ಯಾಗ ಧೂಳಿನಾಗಿಂದ ಬೆಳಕ ಬಿದ್ದಿತ್ತು ನಿಮ್ಮ ಮ್ಯಾಲ. ನಗಾಕತ್ತಿದ್ರಿ. ಅದನ್ನ ಊರಿಗೆಲ್ಲಾ ತೋರಸಬೇಕಂತ..."

"ಊರಿಗಿ ಯಾಕ?"

ಅವನು ಬಾಯಿ ತೆರೆಯುವ ಮೊದಲೇ ಅವಳು ಮುಂದುವರಿಸಿದಳು.

"ಊರಿಗಿ ತೋರಸೂಕಿಂತ ಮೊದಲ ನನಗ ಹೇಳಬೇಕಿತ್ತು. ನನ್ನ ಕೇಳದ ನನ್ನ ಮುಖಾ ಬದಲಿಸಿದ್ರಿ. ತಾರಾಬಾಯಿ ಹಿಟ್ಟ ಬಳದ್ಲು, ನೀವು ಬೆಳಕ ಬಳದ್ರಿ. ಏನ ಫರಕ ಆತು?"

ಅವನು ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟ. ಆಮೇಲೆ ತಲೆ ತಗ್ಗಿಸಿಯೇ ಹೇಳಿದ:

"ಫರಕ ಇಲ್ರಿ. ತಪ್ಪಾತು. ಹೇಳಾಕ ಹೆದರಿಕಿ ಆತು. ಮಂದಿ ಲಗ್ನದಾಗ ಕ್ಯಾಮೆರಾ ಹಿಂದ ನಿಂತ ನಿಂತ, ಮುಂದ ಬಂದ ಮಾತಾಡೂದ ನನಗ ಗೊತ್ತಿಲ್ಲ."

"ಈಗ ಕ್ಯಾಮೆರಾ ಇಲ್ಲಲ್ರಿ."

ಅವಳು ಮರದ ನೆರಳಿನಿಂದ ಹೊರಗೆ ಹೆಜ್ಜೆ ಇಟ್ಟಳು. ನೆತ್ತಿಯ ಮೇಲಿನ ಬಿಸಿಲಿಗೆ ಮುಖ ಕೊಟ್ಟು, ಸೆರಗು ಹಿಂದಕ್ಕೆ ಸರಿಸಿ ನಿಂತಳು. ಏಳು ಸಲ ವರಗಳೆದುರು ಕೂತಿದ್ದಳು, ಆದರೆ ಇಷ್ಟು ಹೆದರಿರಲಿಲ್ಲ.

"ನೋಡ್ರಿ. ಖರೇ ಹೇಳ್ರಿ. ಛಂದ ಅದೀರಿ ಅಂದ್ರ ಈಗಿಂದೀಗ ಬಸ್ ಹತ್ತತೀನಿ."

ಅವನು ನೋಡಿದ.

"ಕಲಿ ಅದಾವ," ಎಂದ ಮೆಲ್ಲಗೆ. "ಹಣಿ ಮ್ಯಾಲ ಎರಡ ದೊಡ್ಡೂವು. ಎಡಗಲ್ಲದ ಮ್ಯಾಲ ಭಾಳ ಅದಾವ. ಧೂಳಿಗಿ ಚರ್ಮ ಒಣಗೇತಿ. ಕಣ್ಣ ಕೆಳಗ ಕಪ್ಪಾಗೇತಿ... ಅದು ಮೊದಲ ಇರಲಿಲ್ಲ. ಅದು ನನ್ನಿಂದ."

"ಮತ್ತ?"

"ಮತ್ತ..." ಅವನು ಬಸ್ಸು ಬರುವ ದಾರಿಯತ್ತ ನೋಡಿದ. "ಮತ್ತ ನೀವು ಬಸ್ ಹತ್ತಬಾರದು ಅನಸತೈತಿ."

ಹತ್ತು ದಿನದಿಂದ ಕಲ್ಲಾಗಿದ್ದದ್ದು ಒಡೆಯಿತು. ಹೊಳೆವ್ವ ನಿಂತಲ್ಲೇ ಕುಸಿದು ಅತ್ತಳು. ಅವನು ಓಡಿ ಬಂದ, ಕೈ ಚಾಚಿದ, ಉಣ್ಣೆಯ ಜಿಡ್ಡು ನೋಡಿ ಹಿಂದೆಗೆದ.

"ಕೈ ಕುರಿ ವಾಸನಿ ಅದಾವ್ರಿ..."

"ನಂದು ತಂಬಾಕಿನ ವಾಸನಿ," ಎಂದಳು ಅಳುತ್ತಲೇ. "ನನಗ ನಂಬಾಕ ಆಗವಲ್ದು. ಇಷ್ಟ ಮಂದಿ ಬ್ಯಾಡ ಅಂದ ಮ್ಯಾಲ ಒಬ್ಬರು ಬೇಕು ಅಂದ್ರ ಮನಸ ಒಪ್ಪೂದಿಲ್ರಿ."

"ನಂಬಬ್ಯಾಡ್ರಿ. ಅವಸರ ಏನಿಲ್ಲ." ಅವನು ಅಷ್ಟು ದೂರದಲ್ಲಿ ಮಣ್ಣಿನ ಮೇಲೆಯೇ ಕುಳಿತ. "ಬರೂ ಗುರುವಾರ ನಮ್ಮ ಅವ್ವನ ಕರಕೊಂಡ ಬರತೀನಿ. ನಿಮ್ಮನ್ನ ನೋಡಾಕ."

ಹೊಳೆವ್ವನ ಮುಖ ಬಿಗಿಯಿತು. "ನೋಡಾಕ ಬರಬ್ಯಾಡ್ರಿ."

ಹಾಲಸಿದ್ದ ಏಳಲು ಹೋದ.

"ಇನ್ನ ಯಾರ ಮುಂದೂ ನಾ ಕುಂಡ್ರೂದಿಲ್ಲ. ಚಹಾದ ತಾಟ ಹಿಡಿಯೂದಿಲ್ಲ, ಪೌಡರ ಹಚ್ಚೂದಿಲ್ಲ." ಮೂಗು ಒರೆಸಿಕೊಂಡಳು. "ಉಣ್ಣಾಕ ಬರ್ರಿ. ನಾನೂ ಜೋಡೀನ ಉಣತೀನಿ."

ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದಮೇಲೆ ನಗಲೋ ಅಳಲೋ ತಿಳಿಯದೆ, ಮರದ ಬುಡದಲ್ಲಿದ್ದ ಬುತ್ತಿಯ ಗಂಟು ತಂದು ಅವಳ ಮುಂದೆ ಬಿಚ್ಚಿದ. ಎರಡು ರೊಟ್ಟಿ, ಕೆಂಪು ಚಟ್ನಿ, ಒಂದು ಉಳ್ಳಾಗಡ್ಡಿ.

"ಅವ್ವ ಕೇಳತಾಳ, ಹುಡುಗಿ ಹೆಂಗ ಅದಾಳಂತ."

"ಏನ ಹೇಳತೀರಿ?"

"ನನಗ ಬೈಯಾಕ ಎರಡ ಬಸ್ ಹತ್ತಿ ಬಂದಿದ್ಲು ಅಂತೀನಿ. ಬೈದ ಬೈದ ಹಸದಿದ್ಲು ಅಂತೀನಿ."

ಅವಳು ಒಂದು ತುತ್ತು ಮುರಿದು ಬಾಯಿಗಿಟ್ಟಳು. ಕಣ್ಣಿಂದ ಮತ್ತೆ ನೀರು ಇಳಿಯಿತು, ಕಲೆಗಳ ಮೇಲೆ ಹಾದು, ನಿಂತು ನಿಂತು.

"ಖಾರ ಆತೇನ್ರಿ?"

"ಹೂಂ... ಭಾಳ."

"ನೀರ ತರ್ಲಿ?"

"ಬ್ಯಾಡ. ಇಲ್ಲೇ ಕುಂಡ್ರಿ."

ಅವನು ಕುಳಿತ.

"ನೀ ಉಣ್ಣು," ಎಂದ.